ನಮ್ಮೂರ ಕೇಳುಗರನ್ನು ಎಣಿಸಿದವರು ಯಾರು?

ನಮ್ಮ ಅಬ್ಬಾ ಇಂಡಿಯಲ್ಲಿ ಟೇಲರ್. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅವರು ಮಾಡುವ ಮೊದಲ ಕೆಲಸ ರೇಡಿಯೋ ಹಚ್ಚುವುದು. ಹೊಲಿಗೆ ಮಷಿನ್ ಆಮೇಲೆ. ಬಟ್ಟೆ ಕೊಡಲು ಬಂದವರು, ಕಟ್ಟೆಯ ಮೇಲೆ ಕುಳಿತ ಹಿರಿಯರು, ಪಕ್ಕದ ಚಹಾದಂಗಡಿಯವರು ಎಲ್ಲರೂ ಅದನ್ನೇ ಕೇಳುತ್ತಾರೆ. ರೇಡಿಯೋ ಒಂದು, ಕಿವಿ ಹತ್ತಾರು. ಮೊನ್ನೆ ಅವರನ್ನು ಕೇಳಿದೆ: "ಅಬ್ಬಾ, ನೀವು ಯಾವ ಸ್ಟೇಶನ್ ಕೇಳ್ತೀರಿ ಅಂತ ಯಾರಾದರೂ ಬಂದು ವಿಚಾರಿಸ್ಯಾರೇನು?" ಅವರು ಕತ್ತರಿ ಕೆಳಗಿಟ್ಟು ನಕ್ಕರು. "ಮನ್ಯಾಗ ಎಷ್ಟು ಮಂದಿ ಅಂತ ಕೇಳ್ಯಾರ, ಓಟು ಯಾರಿಗೆ ಅಂತ ಕೇಳ್ಯಾರ. ರೇಡಿಯೋದ್ದು ಇವತ್ತಿನ ತನಕ ಯಾರೂ ಕೇಳಿಲ್ಲ."

ಇದು ನಗುವ ಮಾತಲ್ಲ ಎಂಬುದು ನನ್ನ ಅಭಿಪ್ರಾಯ. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾಗಿ ಅದರ ಹಿಂದಿನ ಲೆಕ್ಕವನ್ನು ಹೇಳುತ್ತೇನೆ.

ಖಾಸಗಿ ರೇಡಿಯೋ ನಮ್ಮಿಂದ ಒಂದು ಪೈಸೆಯನ್ನೂ ಕೇಳುವುದಿಲ್ಲ. ಅದರ ಆದಾಯ ಬರುವುದು ಜಾಹೀರಾತಿನಿಂದ. ಜಾಹೀರಾತಿನ ದರ ಸಾಮಾನ್ಯವಾಗಿ 10 ಸೆಕೆಂಡಿಗೆ ಇಷ್ಟು ಎಂದು ಇರುತ್ತದೆ. ಹಣ ಕೊಡುವವನು ಕೇಳುವ ಮೊದಲ ಪ್ರಶ್ನೆ: "ಎಷ್ಟು ಜನ ಕೇಳುತ್ತಾರೆ?" ಪತ್ರಿಕೆಯಾದರೆ ಮಾರಾಟವಾದ ಪ್ರತಿಗಳನ್ನು ಎಣಿಸಬಹುದು. ಗಾಳಿಯಲ್ಲಿ ಹೋದ ಮಾತನ್ನು ಎಣಿಸುವುದು ಹೇಗೆ? ಅದಕ್ಕಾಗಿ ಕೆಲವರನ್ನು ಆರಿಸಿ ಅವರ ಕೈಗೆ ಒಂದು ದಿನಚರಿ ಕೊಡುತ್ತಾರೆ. ಯಾವ ಹೊತ್ತಿನಲ್ಲಿ ಯಾವ ಸ್ಟೇಶನ್ ಕೇಳಿದಿರಿ ಎಂದು ಅವರು ಕಾಲು ಗಂಟೆಯ ಲೆಕ್ಕದಲ್ಲಿ ಗುರುತು ಹಾಕಬೇಕು.

ಉದಾಹರಣೆಗೆ, ಬೆಳಿಗ್ಗೆ 8ರಿಂದ 8.15ರವರೆಗೆ 100 ದಿನಚರಿಗಳಲ್ಲಿ 20 ಮಂದಿ ರೇಡಿಯೋ ಕೇಳಿದ್ದಾರೆ, ಅವರಲ್ಲಿ 5 ಮಂದಿ ಒಂದೇ ಸ್ಟೇಶನ್ ಕೇಳಿದ್ದಾರೆ ಎನ್ನೋಣ. ಆ ಸ್ಟೇಶನ್ನಿನ ರೇಟಿಂಗ್ 5. ರೇಡಿಯೋ ಕೇಳುವವರಲ್ಲಿ ಅದರ ಪಾಲು ಶೇ. 25. ಆ ಊರಿನಲ್ಲಿ 10 ಲಕ್ಷ ಜನರಿದ್ದರೆ 5 ರೇಟಿಂಗ್ ಎಂದರೆ 50,000 ಕೇಳುಗರು. 10 ಸೆಕೆಂಡಿನ ದರ 500 ರೂಪಾಯಿ ಇದ್ದರೆ ಸಾವಿರ ಕಿವಿ ತಲುಪಲು 10 ರೂಪಾಯಿ ಖರ್ಚು. ರೇಟಿಂಗ್ ಏರಿದರೆ ದರ ಏರುತ್ತದೆ. ದರ ಏರಿದ ಹೊತ್ತಿಗೇ ಒಳ್ಳೆಯ ನಿರೂಪಕರು, ಹೊಸ ಕಾರ್ಯಕ್ರಮಗಳು ಸಿಗುತ್ತವೆ.

ಭಾರತದಲ್ಲಿ ಈ ಕೆಲಸವನ್ನು ಟ್ಯಾಮ್ ಸಂಸ್ಥೆ 2007ರಲ್ಲಿ 'ರ್‍ಯಾಮ್' ಎಂಬ ಹೆಸರಿನಲ್ಲಿ ಆರಂಭಿಸಿತು. ಮೊದಲು ಮುಂಬೈ, ದೆಹಲಿ, ಬೆಂಗಳೂರು, ನಂತರ ಕೋಲ್ಕತ್ತ. ನಗರಕ್ಕೆ 480 ಮಂದಿಯ ದಿನಚರಿ. ಅಷ್ಟು ದೊಡ್ಡ ಬೆಂಗಳೂರಿಗೆ 480 ಜನ ಸಾಕೇ ಎಂಬ ಪ್ರಶ್ನೆ ಒಂದು ಕಡೆ ಇರಲಿ. ಆ ಪಟ್ಟಿಯಲ್ಲಿ ಕರ್ನಾಟಕ ಎಂದರೆ ಬೆಂಗಳೂರು ಮಾತ್ರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಆ ಲೆಕ್ಕದಲ್ಲಿ ಸೊನ್ನೆಯೂ ಅಲ್ಲ. ಸೊನ್ನೆ ಬರೆಯಲಿಕ್ಕೂ ಒಂದು ಕಾಲಂ ಬೇಕಲ್ಲ!

"ನಮಗೆ ಆಕಾಶವಾಣಿ ವಿಜಯಪುರ ಇದೆ, ಅದು ಸರ್ಕಾರದ್ದು, ರೇಟಿಂಗ್ ಯಾಕೆ?" ಎಂದು ಗೆಳತಿಯೊಬ್ಬಳು ಕೇಳಿದಳು. ಆಕಾಶವಾಣಿಯೂ ಜಾಹೀರಾತು ತೆಗೆದುಕೊಳ್ಳುತ್ತದೆ. ವಿವಿಧ ಭಾರತಿಯಲ್ಲಿ 1967ರಿಂದಲೇ ಜಾಹೀರಾತು ಬರುತ್ತಿದೆ. ಇನ್ನೊಂದು ವಿಷಯವೂ ಇದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ನಮ್ಮ ವಿಜಯಪುರವೂ ಇದೆ. ನಾಳೆ ಖಾಸಗಿ ವಾಹಿನಿ ಬಂದರೆ ಅದು ಯಾರಿಗಾಗಿ ಮಾತಾಡುತ್ತದೆ? ಅಳತೆ ಇಲ್ಲದಿದ್ದರೆ ಶಹರದ ದೊಡ್ಡ ಶೋರೂಮುಗಳು ಹೇಳಿದ್ದೇ ಲೆಕ್ಕವಾಗುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಜನ 21.77 ಲಕ್ಷ, 100ರಲ್ಲಿ 77 ಮಂದಿ ಹಳ್ಳಿಯವರು. ಅವರ ಲಿಂಬೆಯ ದರ, ತೊಗರಿಗೆ ಬಿದ್ದ ರೋಗ, ಬಸ್ಸಿಲ್ಲದ ಹುಡುಗಿಯರ ತೊಂದರೆ ಯಾವ ಹೊತ್ತಿನಲ್ಲಿ ಪ್ರಸಾರವಾಗಬೇಕು?

ಎಣಿಸಿದರೆ ಮಾತ್ರ ಸಾಲದು, ಯಾರನ್ನು ಎಣಿಸಿದಿರಿ ಎನ್ನುವುದೂ ಮುಖ್ಯ. ಅಮೆರಿಕದಲ್ಲಿ ಆರ್ಬಿಟ್ರಾನ್ ಎಂಬ ಕಂಪನಿ ದಿನಚರಿ ಬಿಟ್ಟು, ಜನ ಜೊತೆಗೆ ಒಯ್ಯುವ ಸಣ್ಣ ಮೀಟರ್ ತಂದಿತು. ಪ್ರಸಾರದೊಳಗೆ ಅಡಗಿಸಿದ, ಕಿವಿಗೆ ಕೇಳದ ಸಂಕೇತವನ್ನು ಆ ಮೀಟರ್ ಹಿಡಿಯುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಾವು ತಿಳಿಯುತ್ತೇವೆ. ಆದರೆ ಕಪ್ಪು ಜನರು ಮತ್ತು ಸ್ಪ್ಯಾನಿಷ್ ಭಾಷಿಕರು ಕೇಳುವ ಸ್ಟೇಶನ್ನುಗಳ ರೇಟಿಂಗ್ ಕುಸಿಯಿತು. ಮಾದರಿಯಲ್ಲಿ ಆ ಜನರನ್ನು ಸರಿಯಾಗಿ ಸೇರಿಸಿಲ್ಲ ಎಂದು 2008ರಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳ ಅಟಾರ್ನಿ ಜನರಲ್‌ಗಳು ಕೋರ್ಟಿಗೆ ಹೋದರು. ಮರುವರ್ಷ ಕಂಪನಿ ಮಾದರಿಯನ್ನು ಸುಧಾರಿಸಲು ಒಪ್ಪಿಕೊಂಡಿತು. ಮೀಟರ್ ಯಾರ ಕಿಸೆಯಲ್ಲಿದೆ ಎಂಬುದರ ಮೇಲೆ ಯಾರ ದನಿ ಉಳಿಯುತ್ತದೆ ಎಂಬುದು ನಿಂತಿದೆ.

ಪ್ರಶ್ನೆ ಕೇಳುವ ರೀತಿಯೂ ಉತ್ತರವನ್ನು ಬದಲಿಸುತ್ತದೆ. ನಮ್ಮ ತರಗತಿಯಲ್ಲಿ "ಯಾರ ಮನೆಯಲ್ಲಿ ರೇಡಿಯೋ ಇದೆ?" ಎಂದು ಕೇಳಿದೆ. ಕೆಲವೇ ಕೈಗಳು ಮೇಲೆದ್ದವು. "ನಿನ್ನೆ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮೊಬೈಲಿನಲ್ಲಿ ಎಲ್ಲಿಯಾದರೂ ರೇಡಿಯೋ ಕೇಳಿದಿರಾ?" ಎಂದಾಗ ಅರ್ಧ ತರಗತಿಯೇ ಕೈ ಎತ್ತಿತು.

ಆದ್ದರಿಂದ ನನ್ನ ಸಲಹೆ ಇದು. ಈ ವರ್ಷ ನಮ್ಮ ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್ ರೇಡಿಯೋ ದಿನಚರಿಯಾಗಲಿ. ನಾಲ್ಕೂ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಗೆಳೆಯರ ಮನೆಗಳನ್ನಷ್ಟೇ ಆರಿಸದೆ ಚೀಟಿ ಎತ್ತಿ ಮನೆ ಆರಿಸೋಣ. ಓಣಿ, ಹಳ್ಳಿ, ತಾಂಡಾ ಎಲ್ಲವೂ ಇರಲಿ. ಯಜಮಾನರನ್ನು ಮಾತ್ರವಲ್ಲ, ರೊಟ್ಟಿ ಬಡಿಯುತ್ತಾ ಕೇಳುವ ಅಮ್ಮಂದಿರನ್ನೂ ಕೇಳೋಣ. ಏಳು ದಿನ ಬರೆಸಿ, ಫಲಿತಾಂಶವನ್ನು ಆಕಾಶವಾಣಿ ವಿಜಯಪುರಕ್ಕೂ ಊರಿನ ವ್ಯಾಪಾರಿಗಳಿಗೂ ಕೊಡೋಣ. ಹಾಗೆಂದು ಅಂಕಿಯೇ ಎಲ್ಲವೂ ಅಲ್ಲ. ಮಳೆ ಮುನ್ಸೂಚನೆಯನ್ನು ನೂರೇ ರೈತರು ಕೇಳಿದರೂ ಅದು ನಿಲ್ಲಬಾರದು. ಆದರೆ ಆ ನೂರು ರೈತರು ಇದ್ದಾರೆ ಎಂದು ತೋರಿಸಲಿಕ್ಕಾದರೂ ಎಣಿಕೆ ಬೇಕು.

ಸಣ್ಣ ಊರಿನಿಂದ ಏನಾಗುತ್ತದೆ ಎನ್ನುವವರು ಝುಮ್ರಿ ತಿಲೈಯಾ ಹೆಸರು ನೆನೆಯಲಿ. ಇಂದಿನ ಜಾರ್ಖಂಡ್‌ನಲ್ಲಿರುವ ಅಭ್ರಕ ಗಣಿಯ ಸಣ್ಣ ಪಟ್ಟಣ ಅದು. ಅಮೀನ್ ಸಯಾನಿ ಅವರು 1952ರಿಂದ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ನಡೆಸುತ್ತಿದ್ದ ಆ ಕಾಲದಲ್ಲಿ ಕೇಳುಗರ ಪತ್ರಗಳೇ ರೇಟಿಂಗ್. ಝುಮ್ರಿ ತಿಲೈಯಾದ ಜನ ಬಿಡದೆ ಫರ್ಮಾಯಿಶ್ ಪತ್ರ ಬರೆದರು. ದೇಶವೆಲ್ಲ ಆ ಊರಿನ ಹೆಸರು ರೇಡಿಯೋದಲ್ಲಿ ಕೇಳಿತು. ಅವರನ್ನು ಯಾರೂ ಬಂದು ಎಣಿಸಲಿಲ್ಲ. ತಮ್ಮನ್ನು ತಾವೇ ಎಣಿಸಿಕೊಂಡರು.

ದಿನಚರಿಯ ಮೊದಲ ಹಾಳೆಯನ್ನು ನಾನು ನಮ್ಮ ಅಬ್ಬಾನ ಅಂಗಡಿಯಿಂದಲೇ ಆರಂಭಿಸುತ್ತೇನೆ. ಉಳಿದ ಹಾಳೆಗಳಿಗೆ ಹೆಸರು ಕೊಡುವವರು ಗ್ರಂಥಾಲಯದಲ್ಲಿ ನನ್ನನ್ನು ಭೇಟಿಯಾಗಿ.