ಗುಣ ಸೂಜಿಯದೋ, ಚಿಕಿತ್ಸೆಯದೋ?

ಮೂರು ತಿಂಗಳು ಕಳೆದರೂ ಬಿಡದ ಸೊಂಟನೋವನ್ನು ವೈದ್ಯರು ದೀರ್ಘಕಾಲಿಕವೆಂದು ಕರೆಯುವರು. ಇಂತಹ ನೋವಿನಿಂದ ನರಳುವವರಲ್ಲಿ ಬಹುಮಂದಿಗೆ, ಇದೇ ಕಾರಣವೆಂದು ಬೆರಳಿಟ್ಟು ತೋರಿಸಬಹುದಾದ ದೋಷ ಎಲುಬಿನಲ್ಲಾಗಲಿ ನರದಲ್ಲಾಗಲಿ ಸಿಕ್ಕುವುದಿಲ್ಲ. ಕಾರಣ ಕಾಣದ ನೋವಿಗೆ ಚಿಕಿತ್ಸೆಗಳು ಹಲವು. ಶರೀರದ ಗೊತ್ತಾದ ಬಿಂದುಗಳಲ್ಲಿ ತೆಳುವಾದ ಸೂಜಿಗಳನ್ನು ಚುಚ್ಚುವ, ಚೀನಾ ದೇಶದ ಅಕ್ಯುಪಂಕ್ಚರ್ ಅವುಗಳಲ್ಲೊಂದು. ಇದರಿಂದ ನಿಜವಾಗಿಯೂ ಗುಣವಾಗುವುದೆ ಎಂದು ಕೇಳಿದರೆ, ಒಬ್ಬರು ಹೌದೆನ್ನುವರು, ಮತ್ತೊಬ್ಬರು ಇಲ್ಲವೆನ್ನುವರು. ಇಬ್ಬರೂ ಪ್ರಯೋಗಗಳ ಅಂಕಿಗಳನ್ನೇ ಮುಂದಿಡುವರು. ನಮಗೆ ತೋರುವಂತೆ, ಅವರಿಬ್ಬರೂ ಉತ್ತರಿಸುತ್ತಿರುವುದು ಒಂದೇ ಪ್ರಶ್ನೆಯನ್ನಲ್ಲ.

ಭೌತಶಾಸ್ತ್ರದ ತರಗತಿಯಲ್ಲಿ ನಾವು ಗಾಳಿಯನ್ನು ಹೊರಗೆಳೆದ ಗಾಜಿನ ನಳಿಗೆಯೊಳಗೆ ನಾಣ್ಯವನ್ನೂ ಗರಿಯನ್ನೂ ಬೀಳಿಸಿ, ಎರಡೂ ಒಟ್ಟಿಗೆ ತಳ ಮುಟ್ಟುವುದನ್ನು ತೋರಿಸುತ್ತೇವೆ. ಆದರೆ ಕಣದಲ್ಲಿ ರೈತನು ರಾಶಿಯನ್ನು ತೂರಿದಾಗ ಕಾಳು ಬುಡದಲ್ಲಿಯೇ ಬೀಳುವುದು, ಹೊಟ್ಟು ದೂರ ಹಾರುವುದು. ನಳಿಗೆಯು ಗುರುತ್ವದ ನಿಯಮವನ್ನು ಹೇಳಿದರೆ, ಕಣವು ಬೇಸಾಯಗಾರನಿಗೆ ಬೇಕಾದುದನ್ನು ಹೇಳುತ್ತದೆ. ಒಂದರಿಂದ ಇನ್ನೊಂದು ಸುಳ್ಳಾಗದು. ವೈದ್ಯಕೀಯ ಪ್ರಯೋಗಗಳಲ್ಲಿಯೂ ಇಂತಹ ಎರಡು ಬಗೆಗಳುಂಟೆಂದು ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞರಾದ ಶ್ವಾರ್ಟ್ಸ್ ಮತ್ತು ಲೆಲೂಷ್ 1967ರಲ್ಲಿಯೇ ವಿವೇಚಿಸಿದರು: ಒಂದು ಕಾರಣವನ್ನು ವಿವರಿಸಲು, ಮತ್ತೊಂದು, ನಿತ್ಯವ್ಯವಹಾರದಲ್ಲಿ ಯಾವ ಚಿಕಿತ್ಸೆಯನ್ನು ಆರಿಸಬೇಕೆಂದು ನಿರ್ಧರಿಸಲು.

ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ಎರಡನೆಯ ಬಗೆಯದು. ಅಲ್ಲಿ 3,093 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ, ಇನ್ನೊಂದಕ್ಕೆ ಮೂರು ತಿಂಗಳ ತರುವಾಯ ಅಕ್ಯುಪಂಕ್ಚರ್ ನೀಡಿದರು. ವಾಡಿಕೆಯ ಚಿಕಿತ್ಸೆಗೆ ಯಾರಿಗೂ ಅಡ್ಡಿಯಿರಲಿಲ್ಲ. ಮೂರು ತಿಂಗಳಾದ ಮೇಲೆ ಬೆನ್ನಿನ ಕಾರ್ಯಶಕ್ತಿಯನ್ನು ನೂರು ಅಂಕಗಳ ಮಾನದಿಂದ ಅಳೆದಾಗ, ಸೂಜಿ ಪಡೆದವರು 12.1 ಅಂಕಗಳಷ್ಟೂ ಕಾದವರು 2.7 ಅಂಕಗಳಷ್ಟೂ ಸುಧಾರಿಸಿದ್ದರು. ಆದರೆ ತಮಗೆ ದೊರೆತುದೇನೆಂಬುದು ಎಲ್ಲರಿಗೂ ತಿಳಿದಿತ್ತು. ಸೂಜಿಯೊಡನೆ ವೈದ್ಯನ ಸ್ಪರ್ಶ, ಅವನು ಕೊಟ್ಟ ಸಮಯ, ರೋಗಿಯ ಭರವಸೆ ಇವೆಲ್ಲವೂ ಸೇರಿದ್ದುವು. ಇದು ಕಣದ ಪ್ರಯೋಗ, ಗಾಳಿಯೂ ಬೀಸುತ್ತಿತ್ತು.

ಅದೇ ದೇಶದಲ್ಲಿ 1,162 ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದ ಫಲ 2007ರಲ್ಲಿ ಪ್ರಕಟವಾಯಿತು. ಇಲ್ಲಿ ಗುಂಪುಗಳು ಮೂರು. ಒಂದಕ್ಕೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಎರಡನೆಯದಕ್ಕೆ ಬಿಂದುಗಳಲ್ಲದ ಎಡೆಗಳಲ್ಲಿ ಮೇಲುಮೇಲೆ ಚುಚ್ಚಿದ ತೋರಿಕೆಯ ಸೂಜಿ. ಮೂರನೆಯದಕ್ಕೆ ಔಷಧ, ವ್ಯಾಯಾಮ ಮೊದಲಾದ ವಾಡಿಕೆಯ ಚಿಕಿತ್ಸೆ. ಆರು ತಿಂಗಳ ಬಳಿಕ ಗೊತ್ತುಪಡಿಸಿದಷ್ಟು ಸುಧಾರಣೆ ಕಂಡವರು ಅನುಕ್ರಮವಾಗಿ ನೂರಕ್ಕೆ 47.6, 44.2 ಮತ್ತು 27.4. ಅಮೆರಿಕದಲ್ಲಿ 638 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಂತೂ, ಚರ್ಮವನ್ನು ಭೇದಿಸದೆ ಹಲ್ಲುಕಡ್ಡಿಯನ್ನು ಒತ್ತಿದವರಿಗೂ ಸೂಜಿ ಚುಚ್ಚಿದವರಿಗೂ ಬಂದ ಫಲದಲ್ಲಿ ಗಣನೀಯ ಭೇದವಿರಲಿಲ್ಲ. ಇಬ್ಬರೂ ವಾಡಿಕೆಯ ಚಿಕಿತ್ಸೆಯವರಿಗಿಂತ ಮೇಲಾಗಿದ್ದರು.

ಇಂತಹ ಅಂಕಿಗಳಿಂದಲೇ ಎರಡು ದೇಶಗಳು ಎರಡು ದಾರಿ ಹಿಡಿದುವು. ಜರ್ಮನಿಯು 2007ರಿಂದ ಸೊಂಟನೋವಿನ ಅಕ್ಯುಪಂಕ್ಚರಿಗೆ ಸಾರ್ವಜನಿಕ ಆರೋಗ್ಯವಿಮೆಯ ಹಣ ಕೊಡತೊಡಗಿತು. ಬ್ರಿಟನ್ನಿನಲ್ಲಿ ವೈದ್ಯರಿಗೆ ಮಾರ್ಗದರ್ಶನ ನೀಡುವ ನೈಸ್ ಎಂಬ ಸಂಸ್ಥೆ 2009ರಲ್ಲಿ ಅದನ್ನು ಶಿಫಾರಸು ಮಾಡಿ, 2016ರಲ್ಲಿ ಕೊಡಬೇಡಿರೆಂದಿತು. ಮೊದಲನೆಯವರು ವಾಡಿಕೆಯ ಚಿಕಿತ್ಸೆಯೊಡನೆ ಹೋಲಿಸಿದರು. ಎರಡನೆಯವರು ಕೊನೆಗೆ ತೋರಿಕೆಯ ಚಿಕಿತ್ಸೆಯೊಡನೆ ಹೋಲಿಸಿದರು.

ರೋಗಿ ಗುಣ ಕಂಡರೆ ಸಾಲದೆ, ಕಾರಣವನ್ನೇಕೆ ಕೆದಕಬೇಕು ಎಂದು ಕೆಲವರು ಕೇಳಬಹುದು. ಕೆದಕಲೇಬೇಕೆಂಬುದು ನಮ್ಮ ಅಭಿಪ್ರಾಯ. ಗುಣವು ಬಿಂದುಗಳಿಂದಲ್ಲದೆ ಸಮಯ, ಸ್ಪರ್ಶ, ಭರವಸೆಗಳಿಂದ ಬಂದುದಾದರೆ, ಅದನ್ನು ಕಡಮೆ ವೆಚ್ಚದಲ್ಲಿ ಬೇರೆ ರೀತಿಯಲ್ಲಿಯೂ ಕೊಡಲು ಸಾಧ್ಯವಾದೀತು. ಮೇಲಾಗಿ, ಶರೀರದಲ್ಲಿ ಹರಿಯುವ ‘ಚೀ’ ಎಂಬ ಪ್ರಾಣಶಕ್ತಿಯನ್ನು ಸರಿಪಡಿಸಿದೆವೆಂದು ರೋಗಿಗೆ ಹೇಳಿ ಹಣ ಪಡೆಯುವವರು, ಕಣದ ಪ್ರಯೋಗವನ್ನು ಅದಕ್ಕೆ ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ. ಗಾಳಿ ಮಾಡಿದ ಕೆಲಸಕ್ಕೆ ಮೊರವನ್ನು ಹೊಗಳಿದಂತಾಗುವುದು. ಸತ್ಯವನ್ನು ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಇತ್ತ, ಇದೆಲ್ಲ ಬರಿಯ ಮನಸ್ಸಿನ ಆಟವೆಂದು ನಗುವವರೂ 27.4 ಎಂಬ ಅಂಕಿಯ ಮುಂದೆ ತುಸು ನಿಲ್ಲಬೇಕು. ಸುಳ್ಳು ಸೂಜಿಗಿಂತಲೂ ಹಿಂದೆ ಬಿದ್ದ ವಾಡಿಕೆಯ ಚಿಕಿತ್ಸೆಯೇ ಮೊದಲು ತನ್ನನ್ನು ತಾನು ಪರೀಕ್ಷಿಸಿಕೊಳ್ಳತಕ್ಕದ್ದು. ರೋಗಿಯ ಮಾತನ್ನು ಕೇಳಲು ವೈದ್ಯನಿಗೆ ಎಷ್ಟು ನಿಮಿಷ ಸಿಕ್ಕುತ್ತದೆ ಎಂಬುದೂ ವಿಜ್ಞಾನದ ಪ್ರಶ್ನೆಯೇ.

ಆದುದರಿಂದ ನಿತ್ಯ ಚಿಕಿತ್ಸೆಯ ಪ್ರಯೋಗಗಳು ನಡೆಯಲಿ. ಆದರೆ ಸಾಧ್ಯವಾದ ಕಡೆಯಲ್ಲೆಲ್ಲ ತೋರಿಕೆಯ ಚಿಕಿತ್ಸೆಯ ಮೂರನೆಯ ಗುಂಪೂ ಇರಲಿ, ವಾಡಿಕೆಯ ಚಿಕಿತ್ಸೆಯೆಂದರೆ ಏನೇನು ಕೊಟ್ಟರೆಂಬುದನ್ನು ಬಿಡಿಸಿ ಬರೆಯಲಿ. ಒಂದು ಚಿಕಿತ್ಸೆ ಪರಿಣಾಮಕಾರಿಯೆಂದು ಸಿದ್ಧವಾಗಿದೆ ಎಂಬ ವಾರ್ತೆಯನ್ನು ಓದಿದಾಗ ವಾಚಕರು ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರೊಡನೆ ಹೋಲಿಸಿ?