ತಪ್ಪಿಗೊಂದು ಹೆಸರು ಬೇಕು

ಕಂದಾಯ ಆಡಳಿತದಲ್ಲಿ ದುಡಿದವರಿಗೆ ಜಮಾಬಂದಿ ಎಂಬ ಪದ ಚಿರಪರಿಚಿತ. ಗ್ರಾಮದ ವಹಿಗಳನ್ನು ವರ್ಷಕ್ಕೊಮ್ಮೆ ಮೇಲಧಿಕಾರಿ ತಾಳೆ ನೋಡುವ ಕ್ರಮವದು. 'ಒಟ್ಟಾರೆ ಏನೋ ಲೋಪವಾಗಿದೆ, ಮನ್ನಿಸಿ' ಎಂದು ಲೆಕ್ಕಿಗ ಕೈಮುಗಿದರೆ ಸಾಲದು. ಯಾವ ಪುಟ, ಯಾವ ಸಾಲು, ಎಷ್ಟು ಮೊತ್ತ ಎಂದು ತೋರಿಸಬೇಕು. ಕೈಕೆಳಗಿನವರಿಂದ ಇಷ್ಟು ನಿಖರತೆಯನ್ನು ಬಯಸುತ್ತಿದ್ದ ನಾನು, ರಾತ್ರಿಯ ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸುತ್ತಿದ್ದುದು ಮಾತ್ರ ಅಂಥ ಮೊಗಮ್ಮಾದ ಲೆಕ್ಕವನ್ನೇ: ತಿಳಿದೋ ತಿಳಿಯದೆಯೋ ಮಾಡಿದ ಪಾಪಗಳನ್ನೆಲ್ಲ ಕ್ಷಮಿಸು.

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆಯ ಬೇಡಿಕೆ ದಿನದ ಅನ್ನದ ಬೇಡಿಕೆಯ ಬೆನ್ನಿಗೇ ಬರುತ್ತದೆ. ಅಲ್ಲಿ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲ ಬಳಸಿರುವುದು ಸಾಲ ಎಂಬರ್ಥದ ಪದವನ್ನು. ಅರ್ಥಶಾಸ್ತ್ರ ಓದಿದ ನನಗೆ ಈ ಸಂಗತಿ ಬಹಳ ತಡವಾಗಿ ತಟ್ಟಿತು. ಸಾಲಕ್ಕೊಂದು ಮೊತ್ತವಿರುತ್ತದೆ, ಅದನ್ನು ಮರಳಿ ಪಡೆಯಬೇಕಾದ ಒಬ್ಬ ಮನುಷ್ಯನಿರುತ್ತಾನೆ. ಹೆಸರಿಲ್ಲದ ಸಾಲ ಯಾವ ವಹಿಯಲ್ಲೂ ಇರುವುದಿಲ್ಲ.

ನನ್ನ ವಹಿಯಲ್ಲೂ ಅಂಥದೊಂದು ಬಾಕಿ ಇತ್ತು. ಸೇವೆಯಲ್ಲಿದ್ದಾಗ ವಿಧವೆಯೊಬ್ಬರ ಕುಟುಂಬ ಪಿಂಚಣಿಯ ಕಡತ ನನ್ನ ಮೇಜಿನ ಮೇಲೆ ಹನ್ನೊಂದು ತಿಂಗಳು ಕುಳಿತಿತ್ತು. ಬೇಕಿದ್ದುದು ಒಂದೇ ಸಾಲಿನ ಸ್ಪಷ್ಟೀಕರಣ. ಆಕೆ ಬೇರೊಬ್ಬ ಅಧಿಕಾರಿಯಿಂದ ಶಿಫಾರಸು ತಂದದ್ದು ನನ್ನನ್ನು ಕೆಣಕಿತ್ತು. 'ನಿಯಮದಂತೆ ಬರಲಿ' ಎಂದು ಕಡತವನ್ನು ಬದಿಗೆ ಸರಿಸಿದೆ. ಕಡೆಗೆ ಹಣವೇನೋ ಬಾಕಿ ಸಮೇತ ಮಂಜೂರಾಯಿತು. ಆದರೆ ಆ ವೇಳೆಗೆ ಅವರ ಮಗ ಪಿಯುಸಿ ಬಿಟ್ಟು ಕೆಲಸಕ್ಕೆ ಸೇರಿಯಾಗಿತ್ತು. ಲಂಚ ಮುಟ್ಟದವನೆಂಬ ಹೆಮ್ಮೆ ನನಗಿದ್ದುದರಿಂದ ಇದು ಪಾಪದ ಪಟ್ಟಿಗೆ ಸೇರಬೇಕಾದದ್ದೆಂದು ವರ್ಷಗಟ್ಟಲೆ ಹೊಳೆಯಲೇ ಇಲ್ಲ. ದೇವಾಲಯದಲ್ಲಿ ನಿಂತು ತನ್ನ ಸದ್ಗುಣಗಳ ಪಟ್ಟಿ ಒಪ್ಪಿಸಿದ ಫರಿಸಾಯನ ಕಥೆಯನ್ನು ಎಷ್ಟು ಬಾರಿ ಕೇಳಿದ್ದರೂ ಅವನಲ್ಲಿ ನನ್ನನ್ನು ಕಂಡಿರಲಿಲ್ಲ.

ಕಥೋಲಿಕರ ಪೂಜಾವಿಧಿಯ ಪಾಪನಿವೇದನೆಯಲ್ಲಿ ಮನಸ್ಸು, ಮಾತು, ಕೃತಿಗಳ ಜೊತೆಗೆ, ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದೂ ಸೇರಿದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1970ರ ಪರಿಷ್ಕೃತ ಪೂಜಾಗ್ರಂಥದಲ್ಲಿ ಸೇರ್ಪಡೆಯಾದ ಅಂಶವಿದು. ನಮ್ಮಂಥ ನೌಕರವರ್ಗಕ್ಕೆ ಇದಕ್ಕಿಂತ ತಕ್ಕ ಕನ್ನಡಿ ಇನ್ನೊಂದಿಲ್ಲ. ಕದಿಯದೆ, ಹೊಡೆಯದೆ, ಬರಿದೇ ಸುಮ್ಮನಿದ್ದು ಎಸಗುವ ಅನ್ಯಾಯಗಳಲ್ಲಿ ನಾವು ಪಳಗಿದವರು.

ಹೀಗೆ ದಿನವೂ ತಪ್ಪುಗಳನ್ನು ಎಣಿಸುವುದು ಮನಸ್ಸನ್ನು ಕುಗ್ಗಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕುಗ್ಗಿಸುವುದು ಗೊತ್ತುಗುರಿಯಿಲ್ಲದ ಪಾಪಭೀತಿ, ಅದಕ್ಕೆ ಕೊನೆಯೆಂಬುದಿಲ್ಲ. ಹೆಸರಿಟ್ಟ ತಪ್ಪಿಗಾದರೋ ಮುಂದಿನ ಹೆಜ್ಜೆಯೊಂದಿದೆ. ಸುಂಕದ ಅಧಿಕಾರಿಯಾಗಿದ್ದ ಜಕ್ಕಾಯನು ತಾನು ಪಾಪಿ ಎಂದು ಹೇಳಿ ನಿಲ್ಲಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ವಂಚಿಸಿ ಪಡೆದದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಬಿಡಿಸಿ ಹೇಳಿದ. ದಕ್ಷಿಣ ಆಫ್ರಿಕದಲ್ಲಿ 1996ರಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ಆರಂಭಿಸಿದ ಸತ್ಯ ಮತ್ತು ಸಂಧಾನ ಆಯೋಗವೂ ಕ್ಷಮಾದಾನ ಕೋರಿದವರಿಂದ ಬಯಸಿದ್ದು ಕಣ್ಣೀರನ್ನಲ್ಲ. ಎಸಗಿದ ಕೃತ್ಯದ ಪೂರ್ಣ ವಿವರವನ್ನು.

ಇದು ಕ್ರೈಸ್ತರಿಗಷ್ಟೇ ಸೀಮಿತವಾದ ಮಾತಲ್ಲ. ಕಲಬುರಗಿ ಶರಣರ ನಾಡು. ತಮ್ಮ ಮನದ ಕಪಟವನ್ನು ತಾವೇ ಬಯಲಿಗಿಟ್ಟ ವಚನಕಾರರ ಧೈರ್ಯ ಈ ನೆಲಕ್ಕೆ ಹೊಸದಲ್ಲ. ಆದರೂ ಆ ನುಡಿಗಳನ್ನು ಸಭೆಗಳಲ್ಲಿ ಉದ್ಧರಿಸುವಷ್ಟು ಸಲೀಸಾಗಿ ನಾವು ನಮ್ಮ ತಪ್ಪುಗಳನ್ನು ಹೆಸರಿಸಲಾರೆವು.

ನಿವೃತ್ತಿಯ ನಂತರ ಕೋಟನೂರಿನಲ್ಲಿ ನೆಲೆಸಿದ ಮೇಲೆ, ಒಂದು ರಾತ್ರಿ ಆ ಕಡತವನ್ನು ಹೆಸರು ಹಿಡಿದು ಪ್ರಾರ್ಥನೆಯಲ್ಲಿ ಹೇಳಿದೆ. ಹೇಳಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಬಲಿಪೀಠದ ಬಳಿ ಕಾಣಿಕೆಯನ್ನು ಬಿಟ್ಟು, ಮೊದಲು ನೊಂದವನ ಬಳಿಗೆ ಹೋಗು ಎಂಬುದಲ್ಲವೇ ಯೇಸುವಿನ ಬೋಧನೆ? ವಿಳಾಸ ಹುಡುಕಿಕೊಂಡು ಹೋದೆ. ಆ ತಾಯಿ ತೀರಿಕೊಂಡಿದ್ದರು. ಮಗ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದ. ನಾನು ಬಂದ ಕಾರಣವನ್ನು ಪೂರ್ತಿ ಕೇಳಿಸಿಕೊಂಡು, 'ಅದೆಲ್ಲಾ ಈಗ್ಯಾಕ್ರೀ ಸಾಹೇಬ್ರ' ಎಂದ. ಚಹಾ ತರಿಸಿದ. ಕ್ಷಮಿಸಿದ್ದೇನೆ ಎನ್ನಲಿಲ್ಲ, ಹಾಗೆ ಹೇಳೆಂದು ಕೇಳುವ ಹಕ್ಕು ನನಗೂ ಇರಲಿಲ್ಲ.

ಆ ಬಾಕಿ ಚುಕ್ತವಾಯಿತೆಂದು ನಾನು ಭಾವಿಸಿಲ್ಲ. ಆದರೆ ಅಂದಿನಿಂದ ನನ್ನ ರಾತ್ರಿಯ ಪ್ರಾರ್ಥನೆಯಲ್ಲಿ 'ಪಾಪಗಳನ್ನೆಲ್ಲ' ಎಂಬ ಪದ ಬರುವುದಿಲ್ಲ. ಆ ದಿನದ ಒಂದು ತಪ್ಪು, ಅದರಿಂದ ನೊಂದ ಒಬ್ಬರ ಹೆಸರು, ಮರುದಿನ ನಾನು ಮಾಡಬೇಕಾದ ಒಂದು ಕೆಲಸ, ಇಷ್ಟೇ. ಪ್ರಾರ್ಥನೆ ಚಿಕ್ಕದಾಗಿದೆ, ಹೇಳುವುದು ಮಾತ್ರ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ.