ಹಕ್ಕಲು ಆಯುವವರನ್ನು ಬಿಡಿಸಬೇಡಿ

ಕಳಸದ ಕಡೆ ರೊಬಸ್ಟಾ ಕಾಫಿಯ ಕುಯ್ಲು ಮುಗಿದ ಮೇಲೂ ತೋಟದಲ್ಲಿ ಒಂದು ಕೆಲಸ ಉಳಿದಿರುತ್ತದೆ: ಹಕ್ಕಲು. ಗಿಡದಲ್ಲಿ ಕೈತಪ್ಪಿ ಉಳಿದ ಹಣ್ಣನ್ನು, ದರಗಿನ ಮೇಲೆ ಉದುರಿದ ಹಣ್ಣನ್ನು ಬಗ್ಗಿ ಬಗ್ಗಿ ಆಯುವುದು. ಅರ್ಧ ದಿನ ಆಯ್ದರೂ ಚೀಲದ ತಳ ತುಂಬುವುದು ಕಷ್ಟ. ಆದರೂ ಬಿಡುವಂತಿಲ್ಲ. ಬಿಟ್ಟ ಹಣ್ಣಿನೊಳಗೆ ಬೆರ್ರಿ ಬೋರರ್ ಹುಳು ಮುಂದಿನ ಫಸಲಿಗಾಗಿ ಕಾದಿರುತ್ತದೆ.

ಸಾಫ್ಟ್‌ವೇರ್ ಬರೆಯುವ ನನಗೆ ಇದನ್ನು ನೋಡಿದಾಗಲೆಲ್ಲ ಫೈನಲೈಸರ್ ನೆನಪಾಗುತ್ತದೆ. ಜಾವಾ, ಪೈಥಾನ್, ಗೋ ಮುಂತಾದ ಭಾಷೆಗಳಲ್ಲಿ ಬಳಸಿ ಬಿಟ್ಟ ಮೆಮೊರಿಯನ್ನು ಗಾರ್ಬೇಜ್ ಕಲೆಕ್ಟರ್ ತಾನೇ ಹುಡುಕಿ ವಾಪಸ್ ಪಡೆಯುತ್ತದೆ. ಆ ಹೊತ್ತಿನಲ್ಲಿ ‘ತೆರೆದ ಫೈಲಿದ್ದರೆ ಮುಚ್ಚು’ ಎಂಬಂಥ ಕೊನೆಯ ಕೆಲಸಕ್ಕೆಂದು ಇಟ್ಟ ಕೋಡೇ ಫೈನಲೈಸರ್.

ಇದು ನಿರುಪಯುಕ್ತ, ತೆಗೆದುಹಾಕಿ ಎನ್ನುವುದು ಈಗ ಬಲ್ಲವರ ಮಾತು. ಅವರ ಕಾರಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ಫೈನಲೈಸರ್ ಯಾವಾಗ ಓಡುತ್ತದೆ, ಓಡುತ್ತದೆಯೇ ಇಲ್ಲವೇ ಎಂಬ ಖಾತ್ರಿಯಿಲ್ಲ. ಕಲೆಕ್ಟರ್ ನೋಡುವುದು ಮೆಮೊರಿಯನ್ನು ಮಾತ್ರ. ಮೆಮೊರಿ ಧಾರಾಳವಾಗಿದ್ದು, ತೆರೆಯಬಹುದಾದ ಫೈಲುಗಳ ಮಿತಿ ಮುಗಿದುಹೋದರೆ ಅದಕ್ಕೆ ತಿಳಿಯುವುದೇ ಇಲ್ಲ. 2017ರಲ್ಲಿ ಬಂದ ಜಾವಾ 9, ಹಳೆಯ ಫೈನಲೈಸರನ್ನು ಬಳಸಬೇಡಿ ಎಂದಿತು. 2022ರ ಜಾವಾ 18, ಮುಂದೆ ತೆಗೆದೇ ಹಾಕುತ್ತೇವೆ ಎಂದು ಸಾರಿತು.

ಆದರೆ ಅದೇ ಜಾವಾ 9 ‘ಕ್ಲೀನರ್’ ಎಂಬ ಹೊಸ ಸೌಲಭ್ಯವನ್ನೂ ತಂದಿತು. 2025ರಲ್ಲಿ ಗೋ 1.24 ‘ಆ್ಯಡ್‌ಕ್ಲೀನಪ್’ ತಂದಿತು. ಎರಡೂ ಮಾಡುವುದು ಅದೇ ಹಕ್ಕಲಿನ ಕೆಲಸ, ಹೆಚ್ಚು ಎಚ್ಚರದಿಂದ. ಹಾಗಾದರೆ ತಪ್ಪಿದ್ದು ಹಳೆಯ ವಿಧಾನದಲ್ಲಿ, ಅಗತ್ಯ ಸುಳ್ಳಾಗಲಿಲ್ಲ.

ಹಿಂದೆ ಆಯುವವರಿದ್ದಾರೆಂದು ಕುಯ್ಯುವವರು ಸೋಮಾರಿಗಳಾಗುತ್ತಾರೆ ಎಂಬ ಆಕ್ಷೇಪವೂ ಇದೆ. ನಾನು ಕಂಡದ್ದು ಬೇರೆ. ಹಕ್ಕಲಿನ ಚೀಲ ಎತ್ತಿ ನೋಡಿದ ಮೇಸ್ತ್ರಿ, “ಈ ಪಟ್ಟೇಲಿ ಇಷ್ಟೊಂದು ಸಿಕ್ತಾ?” ಎಂದು ಕೇಳುತ್ತಾರೆ. ಯಾವ ಸಾಲು ಸರಿಯಾಗಿ ಕುಯ್ದಿಲ್ಲ ಎಂಬುದು ಆ ಚೀಲದಿಂದಲೇ ತಿಳಿಯುತ್ತದೆ.

ಫೈನಲೈಸರಿನ ದೊಡ್ಡ ಉಪಯೋಗವೂ ಇದೇ. ಪೈಥಾನಿನಲ್ಲಿ ಫೈಲು ಮುಚ್ಚಲು ಮರೆತರೆ, ಆ ವಸ್ತುವನ್ನು ವಿಲೇವಾರಿ ಮಾಡುವಾಗ ‘ರಿಸೋರ್ಸ್‌ವಾರ್ನಿಂಗ್’ ಎಂಬ ಎಚ್ಚರಿಕೆ ಹೊರಡುತ್ತದೆ. ಆದರೆ ಮಾಮೂಲಿಯಾಗಿ ಅದು ಕಣ್ಣಿಗೆ ಬೀಳದು. ಡೆವಲಪ್‌ಮೆಂಟ್ ಮೋಡಿನಲ್ಲಿ ಓಡಿಸಿದರೆ ಕಾಣುತ್ತದೆ. ಆಂಡ್ರಾಯ್ಡ್‌ನ ‘ಕ್ಲೋಸ್‌ಗಾರ್ಡ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಚ್ಚದೆ ಬಿಟ್ಟ ವಸ್ತು ಎಲ್ಲಿ ತೆರೆಯಲ್ಪಟ್ಟಿತು ಎಂಬುದನ್ನೂ ತೋರಿಸಬಲ್ಲದು. ವಸ್ತು ಅನಾಥವಾದದ್ದು ಕಲೆಕ್ಟರಿಗೆ ಗೊತ್ತಾಗುವ ಆ ಗಳಿಗೆಯಲ್ಲೇ ಈ ಮರೆವೂ ಸಿಕ್ಕಿಬೀಳುತ್ತದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಫೈಲನ್ನು ನೀವೇ ಮುಚ್ಚಿ. ಹಣದ ಲೆಕ್ಕ ಬರೆಯುವಂಥ ಕೆಲಸವನ್ನು ಫೈನಲೈಸರಿಗೆ ಎಂದೂ ವಹಿಸಬೇಡಿ. ಆದರೆ ಅದನ್ನು ಕಿತ್ತೂ ಹಾಕಬೇಡಿ. ಅದು ಸದ್ದಿಲ್ಲದೆ ಗುಡಿಸಿ ಹೋಗದೆ, ತನಗೆ ಸಿಕ್ಕಿದ್ದನ್ನು ಲಾಗಿನಲ್ಲಿ ಬರೆಯುವಂತೆ ಮಾಡಿ. ಆಮೇಲೆ ಆ ಲಾಗನ್ನು ತಪ್ಪದೆ ಓದಿ.